ಗಿಡದ ವಿಷ ಮದ್ದಾಗುವ ದಾರಿ

ನಿತ್ಯಪುಷ್ಪದ ಎಲೆಯಲ್ಲಿ ಕ್ಯಾನ್ಸರ್‌ಗೆ ಮದ್ದಿದೆ ಎಂಬ ಮಾತು ಸುಳ್ಳಲ್ಲ. ದಿನಾ ನಾಲ್ಕು ಎಲೆ ಜಗಿದರೆ ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂಬ ಮಾತು ಮಾತ್ರ ಪೂರ್ತಿ ಸುಳ್ಳು. ಈ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ಎಂದು ಲೆಕ್ಕ ಹಾಕಿಯೇ ನೋಡಬಹುದು.

ಆ ಗಿಡದ ವಿಂಕ್ರಿಸ್ಟಿನ್ ಎಂಬ ಔಷಧವನ್ನು ದೊಡ್ಡವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದಂತೆ ಕೊಡುತ್ತಾರೆ. ಎಲೆಯಿಂದ ನೇರವಾಗಿ 1 ಗ್ರಾಂ ತೆಗೆಯಬೇಕೆಂದರೆ ಏನಿಲ್ಲವೆಂದರೂ ಅರ್ಧ ಟನ್ ಒಣಗಿದ ಎಲೆ ಬೇಕು. ಅಂದರೆ ಒಂದೇ ಒಂದು ಡೋಸಿಗೆ ಕನಿಷ್ಠ 1 ಕಿಲೋ ಒಣ ಎಲೆ. ಹಸಿಯಾಗಿ ತೂಗಿದರೆ ಅದರ ಹಲವು ಪಟ್ಟು. ನಾಲ್ಕು ಎಲೆಯಲ್ಲಿ ಇರುವುದು ಲೆಕ್ಕಕ್ಕೇ ಸಿಗದಷ್ಟು. ಹಾಗಾದರೆ ಕಿಲೋಗಟ್ಟಲೆ ಅರೆದು ಕುಡಿದರೆ? ಆಗಲೂ ಆಗದು. ವಿಂಕ್ರಿಸ್ಟಿನ್ ಹೊಟ್ಟೆಯ ಮೂಲಕ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಸೇರಿದ್ದೂ ಎಷ್ಟೆಂದು ಹೇಳಲಾಗದು. ಅದನ್ನು ನೇರ ರಕ್ತನಾಳಕ್ಕೆ ಕೊಡುವುದು ಅದಕ್ಕೇ. ಅದೂ ಅಲ್ಲದೆ ಆ ಎಲೆಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಸಸ್ಯರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳಿವೆ. ಒಂದು ರಕ್ತದೊತ್ತಡ ಇಳಿಸುತ್ತದೆ, ಇನ್ನೊಂದು ಬಿಳಿ ರಕ್ತಕಣಗಳನ್ನು ಕುಗ್ಗಿಸುತ್ತದೆ. ಬೇಕಾದ ಒಂದರ ಜೊತೆ ಬೇಡದ ನೂರು ದೇಹದೊಳಗೆ ಹೋಗುತ್ತವೆ.

ಗಿಡದಿಂದ ಬಂದ ಕ್ಯಾನ್ಸರ್ ಔಷಧಗಳೆಲ್ಲ ಮೂಲತಃ ವಿಷಗಳು. ತನ್ನನ್ನು ಮೇಯಲು ಬರುವ ಹುಳುಹುಪ್ಪಟೆ, ಪ್ರಾಣಿಗಳನ್ನು ದೂರವಿಡಲು ಗಿಡಕ್ಕೆ ನೆರವಾಗುವ ವಿಷಗಳು. ಅವು ಮದ್ದಾಗುವುದು ಬೇರ್ಪಡಿಸುವ ಕೆಲಸದಿಂದ, ಮಿಲಿಗ್ರಾಂ ಲೆಕ್ಕದ ತೂಕದಿಂದ, ಯಾವ ದಾರಿಯಲ್ಲಿ, ಎಷ್ಟು ನಿಧಾನವಾಗಿ, ಯಾವುದರ ನಂತರ ಕೊಡಬೇಕೆಂಬ ಕಟ್ಟುನಿಟ್ಟಿನಿಂದ. ಗಿಡದ ಮಹಿಮೆಯನ್ನು ಹಾಡಿ ಹೊಗಳುವ ಬರಹಗಳಲ್ಲಿ ಈ ನಡುವಿನ ದಾರಿಯೇ ಕಾಣೆಯಾಗುತ್ತದೆ. ನನಗೆ ಮುಖ್ಯವೆನಿಸುವುದು ಆ ದಾರಿಯೇ.

ನಿತ್ಯಪುಷ್ಪದ ಮೂಲ ಮಡಗಾಸ್ಕರ್. ಅಲ್ಲಿಂದ ಬಿಸಿಲು ನಾಡುಗಳಿಗೆಲ್ಲ ಹರಡಿ, ಹೋದ ಕಡೆಯಲ್ಲೆಲ್ಲ ಸಕ್ಕರೆ ಕಾಯಿಲೆಗೆ ಮನೆಮದ್ದು ಎನಿಸಿಕೊಂಡಿತು. 1952ರಲ್ಲಿ ಜಮೈಕಾದಿಂದ ಬಂದ ಒಂದಿಷ್ಟು ಎಲೆಗಳು ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ರಾಬರ್ಟ್ ನೋಬಲ್ ಅವರ ಕೈ ಸೇರಿದವು. ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಇಲಿಗಳು ಸೋಂಕಿಗೆ ತುತ್ತಾಗಿ ಸತ್ತವು. ಅವುಗಳ ಬಿಳಿ ರಕ್ತಕಣಗಳು ತೀರಾ ಕುಸಿದಿದ್ದವು, ಅಸ್ಥಿಮಜ್ಜೆ ಬಡವಾಗಿತ್ತು. ಪ್ರಯೋಗ ಕೆಟ್ಟಿತೆಂದು ಎಲೆಯನ್ನು ಅಲ್ಲಿಗೇ ಬಿಡಬಹುದಿತ್ತು. ನೋಬಲ್ ಮತ್ತು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಬಿಡಲಿಲ್ಲ. ಬಿಳಿ ರಕ್ತಕಣಗಳು ಅಂಕೆ ಮೀರಿ ಹೆಚ್ಚುವುದೇ ರಕ್ತದ ಕ್ಯಾನ್ಸರ್ ತಾನೇ, ಅವನ್ನು ಇಳಿಸುವ ವಸ್ತು ಅಲ್ಲಿ ಉಪಯೋಗಕ್ಕೆ ಬಂದೀತಲ್ಲ ಎಂದು ಹಿಂದೆ ಬಿದ್ದರು. 1958ರ ಹೊತ್ತಿಗೆ ಅಂಥ ಒಂದು ವಸ್ತುವಾದ ವಿನ್‌ಬ್ಲಾಸ್ಟಿನ್ ಶುದ್ಧ ರೂಪದಲ್ಲಿ ಕೈಗೆ ಬಂತು. ಅದೇ ಕಾಲದಲ್ಲಿ ಎಲಿ ಲಿಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೋಡಾ ಅವರ ತಂಡವೂ ಇದೇ ಎಲೆಯನ್ನು ಜಾಲಾಡುತ್ತಿತ್ತು. ವಿಂಕ್ರಿಸ್ಟಿನ್ ಅಲ್ಲಿಂದ ಬಂತು, 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಅದು ಇವತ್ತಿಗೂ ಮೊದಲ ಸಾಲಿನ ಔಷಧ.

ಮನೆಮದ್ದಿನ ಪರಂಪರೆಯ ಬಗ್ಗೆ ಇಲ್ಲಿಂದ ತಿಳಿಯುವುದು ಇಷ್ಟು: ಈ ಎಲೆ ದೇಹದ ಮೇಲೆ ಏನೋ ಮಾಡುತ್ತದೆ ಎಂಬುದನ್ನು ಜನ ಗುರುತಿಸಿದ್ದರು. ಏನು ಮಾಡುತ್ತದೆ ಎಂಬುದು ಗೊತ್ತಾಗಲು ಇಲಿಯ ರಕ್ತವನ್ನು ಎಣಿಸಬೇಕಾಯಿತು.

ಎಲೆಯಲ್ಲಿ ಈ ಔಷಧಗಳು ಯಾಕಿಷ್ಟು ಕಡಿಮೆ ಎಂಬುದಕ್ಕೆ ಸೊಗಸಾದ ಉತ್ತರವೊಂದು ಎಲೆಯಲ್ಲೇ ಇದೆ. ವಿನ್‌ಬ್ಲಾಸ್ಟಿನ್ ಜೋಡಿ ಅಣು. ಅದರ ಒಂದು ಅರ್ಧ ವಿಂಡೋಲಿನ್, ಇನ್ನೊಂದು ಅರ್ಧ ಕ್ಯಾಥರಾಂಥಿನ್‌ನಿಂದ ಬಂದದ್ದು. ವಿಂಡೋಲಿನ್ ಎಲೆಯ ಒಳಗಿನ ಕೋಶಗಳಲ್ಲಿ ಕೂಡಿರುತ್ತದೆ. ಕ್ಯಾಥರಾಂಥಿನ್ ಎಲೆಯ ಹೊರಮೈಯ ಮೇಣದ ಪದರಕ್ಕೆ ಬಂದು ನಿಲ್ಲುತ್ತದೆ. ಅರ್ಧ ಒಳಗೆ, ಅರ್ಧ ಹೊರಗೆ. ಎರಡೂ ಕೂಡುವ ಅವಕಾಶವೇ ಕಡಿಮೆ. ಆದರೆ ಬಿಡಿಬಿಡಿಯಾಗಿ ಈ ಎರಡೂ ಎಲೆಯಲ್ಲಿ ಜೋಡಿ ಅಣುವಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತವೆ. ಹಾಗಾಗಿ ತಯಾರಕರು ಬಿಡಿ ಅಣುಗಳನ್ನು ತೆಗೆದು, ಕಬ್ಬಿಣದ ಲವಣದ ನೆರವಿನಿಂದ ಪಾತ್ರೆಯಲ್ಲಿ ಕೂಡಿಸುವ ದಾರಿ ಕಂಡುಕೊಂಡರು. ಹೀಗೆ ಬಂದ ವಿನ್‌ಬ್ಲಾಸ್ಟಿನ್‌ನ ಒಂದು ಮೀಥೈಲ್ ಗುಂಪನ್ನು ತೀರಾ ತಣ್ಣಗಿನ ಉಷ್ಣಾಂಶದಲ್ಲಿ ಆಕ್ಸಿಡೀಕರಿಸಿದರೆ ಅದು ಫಾರ್ಮೈಲ್ ಆಗುತ್ತದೆ, ಅಣು ವಿಂಕ್ರಿಸ್ಟಿನ್ ಆಗುತ್ತದೆ. ಇಡೀ ಅಣುವಿನಲ್ಲಿ ಬದಲಾದದ್ದು ಆ ಒಂದು ಮೂಲೆ ಮಾತ್ರ. ಆದರೂ ವಿನ್‌ಬ್ಲಾಸ್ಟಿನ್‌ನ ಏಟು ಮುಖ್ಯವಾಗಿ ಬೀಳುವುದು ಅಸ್ಥಿಮಜ್ಜೆಗೆ, ವಿಂಕ್ರಿಸ್ಟಿನ್‌ನದು ನರಗಳಿಗೆ. 2022ರಲ್ಲಿ ವಿಂಡೋಲಿನ್, ಕ್ಯಾಥರಾಂಥಿನ್ ಎರಡನ್ನೂ ಯೀಸ್ಟ್‌ನಲ್ಲಿ ಬೆಳೆಸಿ, ಆಮೇಲೆ ಕೂಡಿಸಿ ವಿನ್‌ಬ್ಲಾಸ್ಟಿನ್ ಮಾಡಿ ತೋರಿಸಿದರು. ಮೂವತ್ತರಷ್ಟು ಕಿಣ್ವದ ಹಂತಗಳನ್ನು ಯೀಸ್ಟಿಗೆ ಕಲಿಸಬೇಕಾಯಿತು. ಗಿಡ ಸದ್ದಿಲ್ಲದೆ ಮಾಡುವ ಕೆಲಸದ ಅಳತೆ ಅದು.

ಈಗ ಆಸ್ಪತ್ರೆಯ ಕಡೆ ಬರೋಣ. ಕೀಮೋ ಔಷಧಗಳ ಡೋಸನ್ನು ಬಹುಪಾಲು ಮೈಯ ಮೇಲ್ಮೈ ವಿಸ್ತೀರ್ಣದ ಮೇಲೆ ಲೆಕ್ಕ ಹಾಕುತ್ತಾರೆ. ಎತ್ತರವನ್ನು ಸೆಂಟಿಮೀಟರಿನಲ್ಲೂ ತೂಕವನ್ನು ಕಿಲೋದಲ್ಲೂ ತೆಗೆದುಕೊಂಡು ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆಯಿತು. 160 ಸೆಂಟಿಮೀಟರ್, 64 ಕಿಲೋ ಇರುವವರಿಗೆ ಸುಮಾರು 1.69 ಚದರ ಮೀಟರ್ ಬರುತ್ತದೆ. ವಿಂಕ್ರಿಸ್ಟಿನ್ ಚದರ ಮೀಟರಿಗೆ 1.4 ಮಿಲಿಗ್ರಾಂ, ಗುಣಿಸಿದರೆ 2.36. ಆದರೂ 2 ಮಿಲಿಗ್ರಾಂಗೆ ನಿಲ್ಲಿಸುವುದು ವಾಡಿಕೆ, ನರಗಳ ಸಲುವಾಗಿ. ಈ ಔಷಧವನ್ನು ದೇಹದಿಂದ ಹೊರಹಾಕುವುದು ಪಿತ್ತಜನಕಾಂಗ, ಆದ್ದರಿಂದ ಪಿತ್ತದ ಹಳದಿ ವಸ್ತುವಾದ ಬಿಲಿರುಬಿನ್ ರಕ್ತದಲ್ಲಿ ಡೆಸಿಲೀಟರಿಗೆ 3 ಮಿಲಿಗ್ರಾಂ ದಾಟಿದ್ದರೆ ಡೋಸನ್ನು ಅರ್ಧಕ್ಕೆ ಇಳಿಸುತ್ತಾರೆ.

ವಿಂಕ್ರಿಸ್ಟಿನ್ ವಿಷಯದಲ್ಲಿ ಮರೆಯಲೇಬಾರದ ಒಂದು ನಿಯಮವಿದೆ: ಅದು ರಕ್ತನಾಳಕ್ಕೆ ಮಾತ್ರ. ರಕ್ತದ ಕ್ಯಾನ್ಸರ್ ಇರುವವರಿಗೆ ಬೆನ್ನುಹುರಿಯ ದ್ರವಕ್ಕೆ ಕೊಡುವ ಬೇರೆ ಔಷಧಗಳೂ ಇರುತ್ತವೆ, ಉದಾಹರಣೆಗೆ ಮೆಥೊಟ್ರೆಕ್ಸೇಟ್. ಎರಡೂ ಸಿರಿಂಜುಗಳು ಒಂದೇ ಹೊತ್ತಿಗೆ ಒಂದೇ ಟ್ರೇಯಲ್ಲಿ ಬಂದು, ವಿಂಕ್ರಿಸ್ಟಿನ್ ತಪ್ಪಿ ಬೆನ್ನಿಗೆ ಹೋದ ಘಟನೆಗಳು ಹಲವು ದೇಶಗಳಲ್ಲಿ ಆಗಿವೆ. ಕಾಲಿನಿಂದ ಮೇಲಕ್ಕೆ ಏರುವ ಪಾರ್ಶ್ವವಾಯು, ಆಮೇಲೆ ಬಹುತೇಕ ಸಾವು. ಎಚ್ಚರಿಕೆಯ ಚೀಟಿ ಅಂಟಿಸಿದರೂ ತಪ್ಪು ನಿಲ್ಲಲಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸಿರಿಂಜಿನಲ್ಲಿ ತುಂಬುವುದನ್ನೇ ಬಿಟ್ಟು, ಸಣ್ಣ ಡ್ರಿಪ್ ಚೀಲದಲ್ಲಿ ತೆಳುಮಾಡಿ ಕೊಡಿ ಎಂದು ಹೇಳಿತು. ದೊಡ್ಡವರಿಗೆ 50 ಮಿಲಿಲೀಟರಿನ ಚೀಲ, ಐದರಿಂದ ಹದಿನೈದು ನಿಮಿಷ. ಅಷ್ಟು ದೊಡ್ಡ ಚೀಲವನ್ನು ಬೆನ್ನಿನ ಸೂಜಿಗೆ ಯಾರೂ ಜೋಡಿಸಲು ಹೋಗುವುದಿಲ್ಲ. ಎಚ್ಚರದಿಂದಿರಿ ಎಂದು ಸಾವಿರ ಸಲ ಹೇಳುವುದಕ್ಕಿಂತ ತಪ್ಪು ಮಾಡಲು ಕೈಗೇ ಆಗದಂತೆ ಮಾಡುವುದು ಮೇಲು. ಔಷಧ ಸುರಕ್ಷತೆಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ರಕ್ತನಾಳದಿಂದ ಹೊರಗೆ ಸೋರಿದರೂ ಅಪಾಯವೇ. ಸುತ್ತಲಿನ ಚರ್ಮ, ಮಾಂಸ ಸುಟ್ಟಂತಾಗಿ ಹುಣ್ಣಾಗುತ್ತದೆ. ಸೂಜಿ ಇರುವ ಕಡೆ ಉರಿ, ಊತ ಕಂಡರೆ ಕೂಡಲೇ ಡ್ರಿಪ್ ನಿಲ್ಲಿಸಬೇಕು. ಆದರೆ ಸೂಜಿಯನ್ನು ಅವಸರದಿಂದ ಕಿತ್ತುಹಾಕಬಾರದು. ಮೊದಲು ಅದರ ಮೂಲಕವೇ ಒಳಗಿರುವ ಔಷಧವನ್ನು ಆದಷ್ಟು ಹಿಂದಕ್ಕೆ ಎಳೆಯಬೇಕು. ನಂತರ ಅಂಗಾಂಶವನ್ನು ಸಡಿಲಿಸುವ ಹಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ, ಬಿಸಿ ಶಾಖ ಕೊಡುತ್ತಾರೆ. ಶಾಖಕ್ಕೆ ಔಷಧ ಹರಡಿ ತೆಳುವಾಗುತ್ತದೆ. ಡಾಕ್ಸೊರುಬಿಸಿನ್‌ನಂಥ ಔಷಧ ಸೋರಿದಾಗ ಐಸ್ ಇಡುವುದು ರೂಢಿ. ಇಲ್ಲೂ ಅದನ್ನೇ ಮಾಡಿದರೆ ಗಾಯ ಹೆಚ್ಚಾಗುತ್ತದೆ.

ಮನೆಗೆ ಬಂದ ಮೇಲೆ ಕಾಡುವುದು ಮಲಬದ್ಧತೆ. ಕರುಳಿನ ನರಗಳು ಮಂಕಾಗುವುದರಿಂದ ಆಗುವಂಥದ್ದು, ಆದ್ದರಿಂದ ಸೊಪ್ಪು ತರಕಾರಿ ಹೆಚ್ಚು ತಿಂದ ಮಾತ್ರಕ್ಕೆ ಸರಿಹೋಗುವುದಿಲ್ಲ. ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧ ಬೇಕಾಗುತ್ತದೆ. ಬೆರಳ ತುದಿಯಲ್ಲಿ ಜೋಮು, ಗುಂಡಿ ಹಾಕಲು ತಡಕಾಟ, ನಡೆಯುವಾಗ ಪಾದದ ಮುಂಭಾಗ ಜೋಲುವುದು, ದವಡೆ ನೋವು ಇವನ್ನು ವೈದ್ಯರಿಗೆ ಹೇಳಲೇಬೇಕು. ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಕೊನಜೋಲ್, ವೊರಿಕೊನಜೋಲ್ ಜೊತೆಗೆ ಸೇರಿದರೆ ವಿಂಕ್ರಿಸ್ಟಿನ್ ದೇಹದಿಂದ ಹೊರಗೆ ಹೋಗುವುದು ನಿಧಾನವಾಗಿ ಈ ತೊಂದರೆಗಳೆಲ್ಲ ಹಲವು ಪಟ್ಟು ಏರುತ್ತವೆ.

ನರಗಳೇ ಯಾಕೆ? ಜೀವಕೋಶದೊಳಗೆ ಟ್ಯೂಬುಲಿನ್ ಎಂಬ ಪ್ರೋಟೀನಿನ ಬಿಲ್ಲೆಗಳು ಸಾಲುಗೂಡಿ ಸಣ್ಣ ಕೊಳವೆಗಳಾಗುತ್ತವೆ. ಕೋಶ ಎರಡಾಗುವಾಗ ಈ ಕೊಳವೆಗಳೇ ಹಗ್ಗದ ಹಾಗೆ ವರ್ಣತಂತುಗಳನ್ನು ಆಚೆಗೊಂದು ಪಾಲು, ಈಚೆಗೊಂದು ಪಾಲು ಎಳೆದು ಹಂಚುತ್ತವೆ. ವಿಂಕ್ರಿಸ್ಟಿನ್ ಬಿಲ್ಲೆಗಳು ಸೇರದಂತೆ ತಡೆಯುತ್ತದೆ. ಕೊಳವೆ ಕಟ್ಟಿಕೊಳ್ಳುವುದೇ ಇಲ್ಲ, ಕೋಶ ಅರ್ಧದಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ನರಕೋಶ ಇಬ್ಭಾಗವಾಗುವುದಿಲ್ಲ ನಿಜ. ಆದರೆ ಬೆನ್ನಿನಿಂದ ಕಾಲ್ಬೆರಳಿನ ತನಕ ಚಾಚಿದ ಅದರ ಎಳೆಯೊಳಗೆ ಸಾಮಗ್ರಿ ಸಾಗುವುದು ಇದೇ ಕೊಳವೆಗಳ ಮೇಲೆ. ಉದ್ದದ ನರಕ್ಕೆ ಮೊದಲ ಪೆಟ್ಟು, ಆದ್ದರಿಂದ ಜೋಮು ಶುರುವಾಗುವುದು ಕಾಲ್ಬೆರಳು, ಕೈಬೆರಳುಗಳಲ್ಲೇ.

ಟ್ಯಾಕ್ಸಾಲ್ ಎಂದು ಹೆಸರಾದ ಪ್ಯಾಕ್ಲಿಟ್ಯಾಕ್ಸೆಲ್ ಮಾಡುವುದು ಇದಕ್ಕೆ ತದ್ವಿರುದ್ಧ. ಕಟ್ಟಿದ ಕೊಳವೆ ಬಿಚ್ಚಿಕೊಳ್ಳದಂತೆ ಬಿಗಿದು ಹಿಡಿಯುತ್ತದೆ. ಬಿಚ್ಚದಿದ್ದರೆ ಎಳೆಯಲಾಗದು, ಎಳೆಯದಿದ್ದರೆ ಕೋಶ ಒಡೆಯದು. 1962ರ ಆಗಸ್ಟ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್ಕ್ಲೇ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಮರದ ತೊಗಟೆ ಸಂಗ್ರಹಿಸಿದರು. ಅದು ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಲ್ಲಿ ಆರಂಭಿಸಿದ್ದ ದೊಡ್ಡ ಸಸ್ಯಶೋಧದ ಭಾಗ. ಇಪ್ಪತ್ತು ವರ್ಷಗಳಲ್ಲಿ 1,14,000 ಸಸ್ಯಸಾರಗಳನ್ನು ಪರೀಕ್ಷಿಸಿದ ಆ ಯೋಜನೆಯಿಂದ ಕೊನೆಗೆ ನಿಂತ ಔಷಧಗಳು ಬೆರಳೆಣಿಕೆಯಷ್ಟು. ಯಾವುದೋ ಗಿಡ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶವನ್ನು ಕೊಂದಿತು ಎಂಬ ಸುದ್ದಿ ಓದಿದಾಗಲೆಲ್ಲ ಈ ಅಂಕಿಯನ್ನು ನೆನಪಿಗೆ ತಂದುಕೊಳ್ಳಬೇಕು.

ಉತ್ತರ ಕೆರೊಲಿನಾದಲ್ಲಿ ರಸಾಯನಶಾಸ್ತ್ರಜ್ಞರಾದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾನಿ ಆ ತೊಗಟೆಯಿಂದ ಅಣುವನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ನೀರಿನಲ್ಲಿ ಕರಗದು, ಸಿಗುವುದು ತೀರಾ ಕಡಿಮೆ, ರಚನೆ ಜಟಿಲ. ಹೆಚ್ಚಿನವರು ಆಸಕ್ತಿ ತೋರಲಿಲ್ಲ. 1979ರಲ್ಲಿ ಅಮೆರಿಕದ ವಿಜ್ಞಾನಿ ಸೂಸನ್ ಹಾರ್ವಿಟ್ಜ್ ಅದು ಕೆಲಸ ಮಾಡುವ ಬಗೆಯೇ ಹೊಸದು ಎಂದು ತೋರಿಸಿಕೊಟ್ಟ ಮೇಲೆ ಗಾಳಿ ತಿರುಗಿತು. ಅಂಡಾಶಯದ ಕ್ಯಾನ್ಸರ್‌ಗೆ ಅನುಮತಿ ಸಿಕ್ಕಿದ್ದು 1992ರ ಡಿಸೆಂಬರ್‌ನಲ್ಲಿ. ತೊಗಟೆ ಕಿತ್ತ ದಿನದಿಂದ ಮೂವತ್ತು ವರ್ಷ.

ಅಷ್ಟರಲ್ಲಿ ಇನ್ನೊಂದು ಸಂಕಟ ಎದುರಾಗಿತ್ತು. 1 ಕಿಲೋ ಔಷಧಕ್ಕೆ ಸುಮಾರು 10 ಟನ್ ತೊಗಟೆ. ಸುತ್ತಲೂ ತೊಗಟೆ ಸುಲಿದ ಮರ ಉಳಿಯುವುದಿಲ್ಲ, ಯೂ ಮರವೋ ತುಂಬ ನಿಧಾನವಾಗಿ ಬೆಳೆಯುವಂಥದ್ದು. ರೋಗಿಯನ್ನು ಉಳಿಸುವುದೋ ಕಾಡನ್ನು ಉಳಿಸುವುದೋ ಎಂಬ ಜಗಳಕ್ಕೆ ತೆರೆ ಎಳೆದದ್ದು ಫ್ರಾನ್ಸಿನ ಪಿಯೆರ್ ಪೊತಿಯೆ ಅವರ ಕೆಲಸ. ಯುರೋಪಿನ ಯೂ ಮರದ ಎಲೆಯಲ್ಲಿ, ತೊಗಟೆಯಲ್ಲಲ್ಲ, ಟ್ಯಾಕ್ಸಾಲ್‌ನ ದೊಡ್ಡ ತಿರುಳು ಸಿಗುತ್ತದೆಂದು ಅವರು ಕಂಡುಕೊಂಡರು. ಅದರ ಹೆಸರು 10-ಡಿಅಸಿಟೈಲ್‌ಬ್ಯಾಕಟಿನ್. 1 ಕಿಲೋ ಎಲೆಗೆ 1 ಗ್ರಾಂ ತನಕ ಬರುತ್ತದೆ. ಎಲೆ ಸವರಿದರೆ ಮತ್ತೆ ಚಿಗುರುತ್ತದೆ. ತಿರುಳಿಗೆ ಪಕ್ಕದ ಸರಪಳಿಯೊಂದನ್ನು ಪ್ರಯೋಗಾಲಯದಲ್ಲಿ ಜೋಡಿಸಿದರೆ ಪ್ಯಾಕ್ಲಿಟ್ಯಾಕ್ಸೆಲ್; ಬೇರೆ ಸರಪಳಿ ಜೋಡಿಸಿದರೆ ಡೊಸಿಟ್ಯಾಕ್ಸೆಲ್. ಈಗ ದೊಡ್ಡ ತೊಟ್ಟಿಗಳಲ್ಲಿ ಯೂ ಮರದ ಕೋಶಗಳನ್ನೇ ಬೆಳೆಸಿ ಔಷಧ ತೆಗೆಯುವ ವಿಧಾನವೂ ಇದೆ. ಹಿಮಾಲಯದ ಯೂ ಮರಕ್ಕೆ ಮಾತ್ರ ಈ ಪರಿಹಾರ ತಡವಾಗಿ ಬಂತು. ವಿಪರೀತ ಕೊಯ್ಲಿನಿಂದ ಅದು ಅಳಿವಿನಂಚಿಗೆ ತಲುಪಿದೆ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟ್ಸ್ ಒಪ್ಪಂದದ ಕಡಿವಾಣವಿದೆ.

ನೀರಿನಲ್ಲಿ ಕರಗದ ಔಷಧವನ್ನು ರಕ್ತಕ್ಕೆ ಸೇರಿಸುವುದು ಹೇಗೆ? ಅದಕ್ಕೆ ಇನ್ನೊಂದು ಗಿಡ ಬೇಕಾಯಿತು. ಹರಳೆಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ತಯಾರಿಸಿದ ಕ್ರೆಮೊಫೋರ್ ಎಂಬ ದ್ರಾವಕ ಮತ್ತು ಆಲ್ಕೊಹಾಲ್‌ನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಕರಗುತ್ತದೆ. ತೊಂದರೆಯ ದೊಡ್ಡ ಪಾಲು ಈ ದ್ರಾವಕದ್ದೇ. ಮೊದಲನೆಯ ಅಥವಾ ಎರಡನೆಯ ಸಲ, ಡ್ರಿಪ್ ಶುರುವಾದ ಹತ್ತು ನಿಮಿಷದೊಳಗೆ ಮುಖ ಕೆಂಪಾಗುವುದು, ಎದೆ ಬಿಗಿಯುವುದು, ಉಸಿರು ಕಟ್ಟುವುದು, ಬಿಪಿ ಬೀಳುವುದು ಆಗಬಹುದು. ಇದನ್ನು ತಡೆಯಲು ಮೂರು ವಾರಕ್ಕೊಮ್ಮೆಯ ಕ್ರಮದಲ್ಲಿ 12 ಗಂಟೆ ಮೊದಲು ಮತ್ತು 6 ಗಂಟೆ ಮೊದಲು ಡೆಕ್ಸಾಮೆಥಸೋನ್ 20 ಮಿಲಿಗ್ರಾಂ, ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಅಲರ್ಜಿ ತಡೆಯುವ ಎರಡು ಬಗೆಯ ಔಷಧ ಕೊಡುವುದು ಮೂಲ ಕ್ರಮ. ಡೆಕ್ಸಾಮೆಥಸೋನನ್ನು ಡ್ರಿಪ್‌ಗೆ ಮುಂಚೆ ರಕ್ತನಾಳಕ್ಕೇ ಕೊಡುವ ಪದ್ಧತಿಯೂ ಇದೆ. ಎಡವಟ್ಟಾಗುವುದು ಹಿಂದಿನ ರಾತ್ರಿಯ ಮಾತ್ರೆಯಲ್ಲಿ. ಅದೇನು ಸ್ಟೀರಾಯ್ಡ್ ತಾನೇ ಎಂದು ಬಿಟ್ಟವರು, ಮರೆತು ಮಲಗಿದವರು ಮರುದಿನ ನರ್ಸ್‌ಗೆ ಹೇಳುವುದಿಲ್ಲ. ಹೇಳಬೇಕು. ಹೇಳಿದರೆ ಬೇರೆ ವ್ಯವಸ್ಥೆ ಮಾಡುತ್ತಾರೆ.

ಡೋಸು ಚದರ ಮೀಟರಿಗೆ 175 ಮಿಲಿಗ್ರಾಂ, ಮೂರು ಗಂಟೆಯ ಡ್ರಿಪ್. ಇಲ್ಲವೇ ವಾರಕ್ಕೊಮ್ಮೆ 80 ಮಿಲಿಗ್ರಾಂ, ಒಂದು ಗಂಟೆ. ಮೇಲೆ ಹೇಳಿದ 1.69ರ ಲೆಕ್ಕದಲ್ಲಿ 175ರ ಡೋಸು ಸುಮಾರು 295 ಮಿಲಿಗ್ರಾಂ. ವಯಲ್‌ನಲ್ಲಿ ಮಿಲಿಲೀಟರಿಗೆ 6 ಮಿಲಿಗ್ರಾಂ ಇರುವುದರಿಂದ 49 ಮಿಲಿಲೀಟರ್ ಆಗುತ್ತದೆ. ಅದನ್ನು 500 ಮಿಲಿಲೀಟರ್ ಸಲೈನಿಗೆ ಸೇರಿಸಿದರೆ ಸಾಂದ್ರತೆ ಮಿಲಿಲೀಟರಿಗೆ 0.54 ಮಿಲಿಗ್ರಾಂ. ಇದು 0.3ರಿಂದ 1.2ರ ನಡುವೆ ಇರಬೇಕು. ಕ್ರೆಮೊಫೋರ್ ಸಾಮಾನ್ಯ ಪಿವಿಸಿ ಚೀಲ, ಕೊಳವೆಗಳಿಂದ ಡಿಇಎಚ್‌ಪಿ ಎಂಬ ಪ್ಲಾಸ್ಟಿಕ್ ಮೆದುಕಾರಕವನ್ನು ಸೆಳೆದುಕೊಳ್ಳುತ್ತದೆ, ಆದ್ದರಿಂದ ಪಿವಿಸಿ ಅಲ್ಲದ ಚೀಲ, ಸೆಟ್ ಬೇಕು. ಔಷಧ ಸಣ್ಣ ಹರಳುಗಳಾಗಿ ಬೇರ್ಪಡಬಹುದು, ಅದಕ್ಕೆ ದಾರಿಯಲ್ಲಿ 0.22 ಮೈಕ್ರಾನ್ ಫಿಲ್ಟರ್. ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧ ಜೊತೆಗಿದ್ದರೆ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು. ಕ್ರಮ ತಲೆಕೆಳಗಾದರೆ ಪ್ಯಾಕ್ಲಿಟ್ಯಾಕ್ಸೆಲ್ ದೇಹದಿಂದ ಹೊರಗೆ ಹೋಗುವುದು ನಿಧಾನವಾಗಿ ಅಸ್ಥಿಮಜ್ಜೆಗೆ ಏಟು ಜೋರಾಗುತ್ತದೆ. 2005ರಲ್ಲಿ ಬಂದ ಆಲ್ಬುಮಿನ್ ಜೋಡಿಸಿದ ರೂಪದಲ್ಲಿ ಕ್ರೆಮೊಫೋರ್ ಇಲ್ಲ, ಸಾಮಾನ್ಯವಾಗಿ ಆ ಮುಂಚಿನ ಮಾತ್ರೆಗಳೂ ಬೇಕಿಲ್ಲ. ಆದರೆ ಎರಡೂ ಒಂದೇ ಎಂದು ಡೋಸನ್ನು ಅದಲುಬದಲು ಮಾಡುವಂತಿಲ್ಲ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕಲಿಸುವುದು ಕ್ಯಾಂಪ್ಟೊಥೆಸಿನ್. 1966ರಲ್ಲಿ ವಾಲ್ ಮತ್ತು ವಾನಿ ಅವರೇ ಚೀನಾ ಮೂಲದ ಕ್ಯಾಂಪ್ಟೊಥೆಕಾ ಮರದಿಂದ ಬೇರ್ಪಡಿಸಿದ ಅಣು ಇದು. ಪಶ್ಚಿಮ ಘಟ್ಟದ ನೋಥಾಪೊಡೈಟಿಸ್ ಮರದಲ್ಲೂ ಇದು ಧಾರಾಳವಾಗಿದೆ ಎಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತಿಳಿಸಿದರು. ಹೂವಿನ ದುರ್ವಾಸನೆಗೆ ಹೆಸರಾದ ಆ ಸಣ್ಣ ಮರ ಅದರಿಂದಲೇ ಕೊಡಲಿಗೆ ಗುರಿಯಾಯಿತು. ಕ್ಯಾಂಪ್ಟೊಥೆಸಿನ್ ಕೂಡ ನೀರಿನಲ್ಲಿ ಕರಗದು. ಕರಗಿಸಲು ಅದನ್ನು ಸೋಡಿಯಂ ಲವಣವಾಗಿ ಮಾಡಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟರು. ಗಡ್ಡೆ ಅಷ್ಟಾಗಿ ಕರಗಲಿಲ್ಲ, ಮೂತ್ರಕೋಶದಲ್ಲಿ ರಕ್ತಸ್ರಾವವಾಯಿತು. ಪ್ರಯೋಗ ನಿಂತಿತು.

ಆದದ್ದು ಇಷ್ಟು. ಈ ಅಣುವಿನ ತುದಿಯಲ್ಲಿ ಲ್ಯಾಕ್ಟೋನ್ ಎಂಬ ಉಂಗುರವಿದೆ. ಉಂಗುರ ಮುಚ್ಚಿದ್ದರೆ ಮಾತ್ರ ಔಷಧಕ್ಕೆ ಶಕ್ತಿ. ಲವಣ ಮಾಡುವಾಗ ಆ ಉಂಗುರವೇ ತೆರೆದುಕೊಂಡಿತು. ಕರಗುವಂತಾಯಿತು, ಆದರೆ ನಿಸ್ಸತ್ವವಾಯಿತು. ರಕ್ತದಲ್ಲಿ ತೆರೆದ ಉಂಗುರವನ್ನು ಆಲ್ಬುಮಿನ್ ಹಾಗೇ ಹಿಡಿದಿಟ್ಟಿತು. ಮೂತ್ರಕೋಶ ಮುಟ್ಟಿದ ಮೇಲೆ ಅಲ್ಲಿನ ಹುಳಿಗೆ ಉಂಗುರ ಮತ್ತೆ ಮುಚ್ಚಿಕೊಂಡು ವಿಷ ಜೀವಂತವಾಯಿತು. ಬೇಕಾದ ಕಡೆ ಕೆಲಸ ಮಾಡದೆ ಬೇಡದ ಕಡೆ ಮಾಡಿತು. ಹತ್ತು ವರ್ಷಕ್ಕೂ ಹೆಚ್ಚು ಮೂಲೆಗೆ ಬಿದ್ದಿದ್ದ ಅಣುವನ್ನು ಮೇಲೆತ್ತಿದ್ದು 1985ರ ಸಂಶೋಧನೆ: ಡಿಎನ್‌ಎಯ ತಿರುಚನ್ನು ಬಿಡಿಸುವ ಟೋಪೊಐಸೋಮರೇಸ್-1 ಎಂಬ ಕಿಣ್ವವನ್ನು ಇದು ಡಿಎನ್‌ಎ ಮೇಲೇ ಕಚ್ಚಿಹಿಡಿಸುತ್ತದೆ ಎಂದು ತಿಳಿಯಿತು. ಉಂಗುರವನ್ನು ಮುಟ್ಟದೆ ಬೇರೆ ಕಡೆ ನೀರಿಗೆ ಒಗ್ಗುವ ಗುಂಪನ್ನು ಜೋಡಿಸಿದಾಗ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಗಳು ಹುಟ್ಟಿದವು. ಎರಡಕ್ಕೂ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು.

ಇರಿನೊಟೆಕಾನ್‌ಗೆ ಎರಡು ಬಗೆಯ ಭೇದಿಯಿದೆ, ಎರಡಕ್ಕೂ ಮದ್ದು ಬೇರೆ. ಡ್ರಿಪ್ ನಡೆಯುವಾಗ ಅಥವಾ ಆ ದಿನವೇ ಬರುವ ಭೇದಿಯ ಜೊತೆ ಬೆವರು, ಜೊಲ್ಲು, ಹೊಟ್ಟೆ ನುಲಿತ ಇರುತ್ತದೆ, ಅದಕ್ಕೆ ಆಟ್ರೋಪಿನ್. ಒಂದು ದಿನ ಕಳೆದ ಮೇಲೆ ಬರುವುದೇ ಅಪಾಯದ್ದು. ಇರಿನೊಟೆಕಾನ್ ದೇಹದಲ್ಲಿ ಎಸ್‌ಎನ್-38 ಎಂಬ ಉಗ್ರ ರೂಪಕ್ಕೆ ತಿರುಗುತ್ತದೆ. ಪಿತ್ತಜನಕಾಂಗ ಅದಕ್ಕೆ ಸಕ್ಕರೆಯಂಥ ಕೊಂಡಿ ಹಾಕಿ ತಣ್ಣಗಾಗಿಸಿ ಪಿತ್ತರಸದ ಮೂಲಕ ಕರುಳಿಗೆ ಕಳಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾ ಆ ಕೊಂಡಿಯನ್ನು ಕಳಚಿಬಿಡುತ್ತವೆ, ವಿಷ ಮತ್ತೆ ಎದ್ದು ಕರುಳಿನ ಒಳಪದರವನ್ನು ಸವೆಸುತ್ತದೆ. ಮೊದಲ ಸಡಿಲ ಮಲಕ್ಕೇ ಭೇದಿ ನಿಲ್ಲಿಸುವ ಲೋಪೆರಮೈಡ್ 4 ಮಿಲಿಗ್ರಾಂ, ಆಮೇಲೆ ಎರಡು ಗಂಟೆಗೊಮ್ಮೆ 2 ಮಿಲಿಗ್ರಾಂ, ರಾತ್ರಿ ನಾಲ್ಕು ಗಂಟೆಗೊಮ್ಮೆ 4 ಮಿಲಿಗ್ರಾಂ, ಭೇದಿ ನಿಂತು 12 ಗಂಟೆಯಾಗುವ ತನಕ. ಮಾಮೂಲಿ ಹೊಟ್ಟೆ ಕೆಡುವಾಗ ತೆಗೆದುಕೊಳ್ಳುವ ಮಿತಿಯನ್ನು ಇದು ಮೀರುತ್ತದೆ, ಆದ್ದರಿಂದ ಕ್ಯಾನ್ಸರ್ ವೈದ್ಯರು ಬರೆದುಕೊಟ್ಟಂತೆಯೇ ನಡೆಯಬೇಕು. 48 ಗಂಟೆ ದಾಟಿದರೆ, ಜ್ವರ ಬಂದರೆ, ನೀರು ಕುಡಿಯಲೂ ಆಗದಿದ್ದರೆ ಆಸ್ಪತ್ರೆಗೇ ಹೋಗಬೇಕು. ಆ ಕೊಂಡಿ ಹಾಕುವ ಯುಜಿಟಿ1ಎ1 ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಮಂದ. ಅಂಥವರಿಗೆ ಶುರುವಿನ ಡೋಸನ್ನೇ ತಗ್ಗಿಸುತ್ತಾರೆ.

ಎಟೊಪೊಸೈಡ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧದ ಬಗ್ಗೆ ಎರಡು ಮಾತು ಸಾಕು. ಅದರ ಮೂಲ ಪೊಡೊಫಿಲಮ್ ಎಂಬ ಗಿಡದ ಗೆಡ್ಡೆಯಲ್ಲಿದೆ. ಒಂದು ಜಾತಿ ಉತ್ತರ ಅಮೆರಿಕದ್ದು, ಇನ್ನೊಂದು ಹಿಮಾಲಯದ್ದು. ಮೂಲ ಅಣು ಟ್ಯೂಬುಲಿನ್‌ಗೆ ಅಂಟುತ್ತಿತ್ತು. ಸಕ್ಕರೆಯ ಗುಂಪೊಂದನ್ನು ಸೇರಿಸಿ ಅಣುವನ್ನು ಮಾರ್ಪಡಿಸಿದಾಗ ಗುರಿಯೇ ಬದಲಾಗಿ ಟೋಪೊಐಸೋಮರೇಸ್-2ನ್ನು ಹಿಡಿಯತೊಡಗಿತು. ಡ್ರಿಪ್‌ನಲ್ಲಿ ಮಿಲಿಲೀಟರಿಗೆ 0.4 ಮಿಲಿಗ್ರಾಂ ಮೀರಿದರೆ ಹರಳುಗಟ್ಟುತ್ತದೆ, ಅರ್ಧ ಗಂಟೆಗಿಂತ ಬೇಗ ಓಡಿಸಿದರೆ ಬಿಪಿ ಬೀಳುತ್ತದೆ. ವರ್ಷಗಳ ನಂತರ ಕೆಲವರಲ್ಲಿ ಬೇರೆ ಬಗೆಯ ರಕ್ತದ ಕ್ಯಾನ್ಸರ್ ತರುವ ಅಪಾಯವೂ ಇದಕ್ಕಿದೆ.

ಇಥಿಯೋಪಿಯಾದ ಮೇಟೆನಸ್ ಪೊದೆಯಿಂದ 1972ರಲ್ಲಿ ಸಿಕ್ಕ ಮೇಟಾನ್ಸಿನ್ ಬೇರೆಯೇ ದಾರಿ ಹಿಡಿಯಿತು. ವಿಂಕ್ರಿಸ್ಟಿನ್‌ಗಿಂತ ಎಷ್ಟೋ ಪಟ್ಟು ಉಗ್ರ ವಿಷ. ರೋಗಿ ತಡೆದುಕೊಳ್ಳುವ ಪ್ರಮಾಣದಲ್ಲಿ ಕೊಟ್ಟರೆ ಗಡ್ಡೆ ಬಗ್ಗಲಿಲ್ಲ, ಗಡ್ಡೆ ಬಗ್ಗುವಷ್ಟು ಕೊಟ್ಟರೆ ರೋಗಿ ತಡೆಯಲಿಲ್ಲ. ಅದನ್ನು ಕೈಬಿಟ್ಟರು. ದಶಕಗಳ ಮೇಲೆ, ಹರ್-2 ಎಂಬ ಪ್ರೋಟೀನಿನ ಗುರುತಿರುವ ಸ್ತನದ ಕ್ಯಾನ್ಸರ್ ಕೋಶಕ್ಕೇ ಹೋಗಿ ಅಂಟುವ ಟ್ರಾಸ್ಟುಜುಮಾಬ್ ಪ್ರತಿಕಾಯಕ್ಕೆ ಅದರ ಮಾರ್ಪಾಡನ್ನು ಕೊಂಡಿ ಹಾಕಿ ಕಳಿಸಿದರು. 2013ರಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮಾಬ್ ಎಮ್ಟಾನ್ಸಿನ್ ಅದು. 2019ರಲ್ಲಿ ಬಂದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಹೊತ್ತೊಯ್ಯುವುದು ಕ್ಯಾಂಪ್ಟೊಥೆಸಿನ್ ಸಂತತಿಯ ಅಣುವನ್ನು. ಹೆಸರು ಹತ್ತಿರ, ಡೋಸು ಬೇರೆ: ಕಿಲೋ ತೂಕಕ್ಕೆ ಎಮ್ಟಾನ್ಸಿನ್ 3.6 ಮಿಲಿಗ್ರಾಂ, ಡೆರುಕ್ಸ್‌ಟೆಕಾನ್ ಸ್ತನದ ಕ್ಯಾನ್ಸರ್‌ನಲ್ಲಿ 5.4, ಬರಿಯ ಟ್ರಾಸ್ಟುಜುಮಾಬ್ ಮೂರು ವಾರಕ್ಕೊಮ್ಮೆಯ ಕ್ರಮದಲ್ಲಿ 6. ಒಂದರ ಬದಲು ಇನ್ನೊಂದು ಹೋದರೆ ಅನಾಹುತ; ಚೀಟಿಯಲ್ಲಿ ಪೂರ್ತಿ ಹೆಸರೇ ಇರಬೇಕು.

ಹೀಗೆ ನೋಡಿದಾಗ, ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತಿತು ಎಂಬುದಕ್ಕೆ ಎಷ್ಟು ಬೆಲೆ ಎಂಬುದು ತಿಳಿಯುತ್ತದೆ. ಗೌರಿ ಹೂವಿನ ಗೆಡ್ಡೆಯ ಕೋಲ್ಚಿಸಿನ್ ಕೂಡ ಟ್ಯೂಬುಲಿನ್ ಹಿಡಿದು ಕೋಶವನ್ನು ಕೊಲ್ಲುತ್ತದೆ. ಆದರೆ ಗಡ್ಡೆಯನ್ನು ಕೊಲ್ಲುವ ಪ್ರಮಾಣ ಮನುಷ್ಯನನ್ನೂ ಕೊಲ್ಲುವುದರಿಂದ ಅದು ಕ್ಯಾನ್ಸರ್ ಮದ್ದಾಗಲಿಲ್ಲ. ಅರಿಶಿನದ ಕರ್ಕ್ಯುಮಿನ್‌ನ ಕಷ್ಟ ಇನ್ನೊಂದು ಬಗೆ: ಅದು ರಕ್ತಕ್ಕೆ ಸೇರುವುದೇ ಅತ್ಯಲ್ಪ, ಸೇರಿದ್ದೂ ಬೇಗ ಒಡೆದುಹೋಗುತ್ತದೆ. ತಟ್ಟೆಯ ಪ್ರಯೋಗದಲ್ಲಿ ಬಳಸಿದ ಮಟ್ಟವನ್ನು ತಿಂದು ಮುಟ್ಟಲಾಗದು. ಏಪ್ರಿಕಾಟ್ ಬೀಜದ ಅಮಿಗ್ಡಲಿನ್, ಅಂದರೆ ಲೇಟ್ರಿಲ್ ಎಂದು ಮಾರಿದ್ದನ್ನು 178 ರೋಗಿಗಳ ಮೇಲೆ ಪರೀಕ್ಷಿಸಿ 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಡ್ಡೆಗೆ ಏನೂ ಆಗಲಿಲ್ಲ. ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಏರಿತ್ತು. ಲಕ್ಷ್ಮಣ ಫಲದ ಎಲೆಯ ಚಹಾ ಕೀಮೋಗಿಂತ ಸಾವಿರ ಪಟ್ಟು ಮೇಲು ಎಂಬ ಸಂದೇಶ ಸುತ್ತುತ್ತಲೇ ಇದೆ. ಅದರಲ್ಲಿರುವ ಅನೊನಾಸಿನ್ ಮಿದುಳಿನ ಕೋಶಗಳಿಗೆ ವಿಷ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆಯ ಒಂದು ವಿಚಿತ್ರ ಬಗೆಗೂ ಈ ಹಣ್ಣು, ಎಲೆಗಳ ಸೇವನೆಗೂ ನಂಟಿದೆ ಎಂದು ವೈದ್ಯರು 1999ರಲ್ಲೇ ವರದಿ ಮಾಡಿದ್ದರು.

ಗಿಡದ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಇನ್ನೊಂದು ಗಿಡ ಅಡ್ಡ ಬರುವುದು ಕಲ್ಪನೆಯ ಮಾತಲ್ಲ. ಮನಸ್ಸಿನ ಕುಗ್ಗಿಗೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಇರಿನೊಟೆಕಾನ್ ಜೊತೆ ಹೋದಾಗ ರಕ್ತದಲ್ಲಿ ಎಸ್‌ಎನ್-38 ಮಟ್ಟ 42 ಶೇಕಡಾ ಇಳಿಯಿತು ಎಂದು 2002ರ ಅಧ್ಯಯನವೊಂದು ತೋರಿಸಿತು. ಅಂದರೆ ಡ್ರಿಪ್ ಪೂರ್ತಿ ಓಡಿದರೂ ಔಷಧದ ಅರ್ಧಕ್ಕೆ ಹತ್ತಿರದಷ್ಟು ಪಾಲು ಮುಟ್ಟಲೇ ಇಲ್ಲ. ಕಿಣ್ವಗಳನ್ನು ಚುರುಕುಗೊಳಿಸುವ ಇಂಥ ವಸ್ತುಗಳನ್ನು ಎರಡು ವಾರ ಮೊದಲೇ ನಿಲ್ಲಿಸಬೇಕು, ಏಕೆಂದರೆ ಮಾತ್ರೆ ನಿಂತ ದಿನವೇ ಪರಿಣಾಮ ನಿಲ್ಲುವುದಿಲ್ಲ. ದ್ರಾಕ್ಷಿಹಣ್ಣಿಗೆ ಸಂಬಂಧವಿಲ್ಲದ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್ ಕೆಲವು ಔಷಧಗಳ ಮಟ್ಟವನ್ನು ಏರಿಸುತ್ತದೆ.

ಆದ್ದರಿಂದ ಕೀಮೋ ಶುರುವಾಗುವ ಮೊದಲು ಬಳಸುತ್ತಿರುವ ಪುಡಿ, ಲೇಹ, ಮಾತ್ರೆ, ಸಾರ ಎಲ್ಲವನ್ನೂ ಡಬ್ಬಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಹೆಸರು, ದಿನಕ್ಕೆಷ್ಟು, ಯಾವಾಗಿನಿಂದ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಲೇಬಲ್ ಇಲ್ಲದ ಪುಡಿಯಾದರೆ ಅದರಲ್ಲಿ ಏನಿದೆ ಎಂದು ಯಾರೂ ಹೇಳಲಾರರು, ಅದನ್ನು ನಿಲ್ಲಿಸಿ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ. ವೈದ್ಯರಿಗೂ ಗೊತ್ತಿರಲಿ, ಔಷಧ ತಯಾರಿಸುವ ಫಾರ್ಮಸಿಸ್ಟ್‌ಗೂ ಗೊತ್ತಿರಲಿ. ಪ್ಯಾಕ್ಲಿಟ್ಯಾಕ್ಸೆಲ್, ಎಟೊಪೊಸೈಡ್, ಇರಿನೊಟೆಕಾನ್‌ನಂಥವು ಕೊಟ್ಟ ಒಂದರಿಂದ ಎರಡು ವಾರದ ಸುಮಾರಿಗೆ ಬಿಳಿ ರಕ್ತಕಣಗಳು ತೀರಾ ಕೆಳಗಿರುತ್ತವೆ. ಆ ದಿನಗಳಲ್ಲಿ ಮನೆಯಲ್ಲಿ ಥರ್ಮಾಮೀಟರ್ ಕೈಗೆಟುಕುವಂತಿರಲಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿತೆಂದರೆ ಮಧ್ಯರಾತ್ರಿಯಾದರೂ ಹೊರಡಬೇಕು. ಪ್ಯಾರಸಿಟಮಾಲ್ ನುಂಗಿ ಜ್ವರವನ್ನು ಮುಚ್ಚಬಾರದು, ಮನೆಮದ್ದು ಮಾಡುತ್ತಾ ಬೆಳಗಾಗಲಿ ಎಂದು ಕಾಯಬಾರದು. ತುರ್ತು ವಿಭಾಗದ ಬಾಗಿಲಲ್ಲೇ ಕೀಮೋ ನಡೆಯುತ್ತಿದೆ ಎಂದೂ ಕೊನೆಯ ಡೋಸಿನ ತಾರೀಕು ಯಾವುದೆಂದೂ ಹೇಳಿ. ಒಂದು ಗಂಟೆಯೊಳಗೆ ಮೊದಲ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು.